ಮಾರುತಿ 800: ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ, ಇಂಜಿನ್ ಮಾತ್ರ ಆರಾಮ (ಬಗೆಹರಿದಿದೆ)

ಶಿವಮೊಗ್ಗದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 1998ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಅಪ್ಪ ತಗೊಂಡಿದ್ದು, ಮಾರುವ ಮನಸ್ಸಿಲ್ಲ. ಎರಡು ಮಳೆಗಾಲದಿಂದ ಇದರ ಟೆಂಪರೇಚರ್ ಮೀಟರ್ ನನ್ನ ತಲೆ ತಿನ್ನುತ್ತಿದೆ.

ಅಕ್ಕನ ಮನೆ ಹೆಬ್ರಿಯಲ್ಲಿ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಹತ್ತುವುದು ಇದ್ದೇ ಇದೆ. ವಾಪಸ್ ಬರುವಾಗ ಸೋಮೇಶ್ವರ ಬಿಟ್ಟು ನಾಲ್ಕೈದು ತಿರುವು ಆಗುವಷ್ಟರಲ್ಲಿ ಮುಳ್ಳು ಅರ್ಧ ದಾಟಿ ಕೆಂಪು ಗೆರೆಯ ಹತ್ತಿರ ಹೋಗಿ ನಿಲ್ಲುತ್ತದೆ. ಹೆದರಿ ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದರೆ ಹಬೆ ಇಲ್ಲ, ನೀರು ಕುದಿಯುವ ಸದ್ದಿಲ್ಲ, ವಾಸನೆ ಇಲ್ಲ. ರೇಡಿಯೇಟರ್ ಫ್ಯಾನ್ ಕೂಡ ಓಡುತ್ತಿರುವುದಿಲ್ಲ. ಹತ್ತು ನಿಮಿಷ ಕೊಡೆ ಹಿಡಿದು ನಿಂತು ಮತ್ತೆ ಸ್ಟಾರ್ಟ್ ಮಾಡಿದರೆ ಮುಳ್ಳು ಸಾಧುವಿನ ಹಾಗೆ ನಡುವೆ ಇರುತ್ತದೆ. ಎರಡು ತಿರುವು ಆದ ಮೇಲೆ ಅದೇ ಕಥೆ. ಬೇಸಿಗೆಯಲ್ಲಿ ಇಷ್ಟು ಕಾಟ ಇಲ್ಲ, ಯಾಕೋ ತಿಳಿಯದು.

ಇಷ್ಟರಲ್ಲೇ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್), ರೇಡಿಯೇಟರ್ ಮುಚ್ಚಳ, ಮೀಟರಿನ ಸೆನ್ಸರ್ ಮೂರೂ ಹೊಸದು ಹಾಕಿಸಿದ್ದೇನೆ. ಈಗ ಗ್ಯಾರೇಜಿನವರು ರೇಡಿಯೇಟರ್ರೇ ಬದಲಾಯಿಸಿ ಅನ್ನುತ್ತಿದ್ದಾರೆ. ಮೀಟರ್ ಸುಳ್ಳು ಹೇಳುತ್ತಿದೆಯಾ, ನಿಜವಾಗಿ ಬಿಸಿಯಾಗುತ್ತಿದೆಯಾ? ಹೇಗೆ ತಿಳಿಯುವುದು?

ಸಾಗರದಿಂದ

ಮೊದಲು ಒಂದು ಮಾತು. ಸುಳ್ಳು ಅಂತ ಸಾಬೀತಾಗುವವರೆಗೆ ಮುಳ್ಳು ಹೇಳಿದ್ದನ್ನು ನಿಜ ಅಂತಲೇ ತಿಳಿಯಿರಿ. ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯುಮಿನಿಯಂದು. ಒಮ್ಮೆ ಸೊಟ್ಟಗಾದರೆ ಗ್ಯಾಸ್ಕೆಟ್ ಕೂಡ ಹೋಗುತ್ತದೆ, ಆಗ ಬರುವ ಖರ್ಚು ಈ ಮೀಟರಿನ ತಲೆನೋವಿಗಿಂತ ಎಷ್ಟೋ ಜಾಸ್ತಿ.

ಇಂಜಿನ್ ತಣ್ಣಗಿದ್ದಾಗ ನೀರಿನ ಮಟ್ಟ ನೋಡಿ. ಆಯಿಲ್ ಕಡ್ಡಿ ಎಳೆದು ಬೆಳ್ಳಗೆ ಮಜ್ಜಿಗೆ ಥರ ಏನಾದರೂ ಇದೆಯಾ ನೋಡಿ, ಇದ್ದರೆ ಆಯಿಲಿಗೆ ನೀರು ಸೇರುತ್ತಿದೆ ಅಂತ. ಬಿಸಿ ಇದ್ದಾಗ ಮಾತ್ರ ಮುಚ್ಚಳ ಮುಟ್ಟಬೇಡಿ. ಸುಮಾರು 0.9 ಬಾರ್ ಒತ್ತಡದ ಮುಚ್ಚಳ ಇದ್ದರೆ ಒಳಗಿನ ನೀರು 115 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ತೆಗೆದ ಕ್ಷಣ ಮುಖಕ್ಕೆ ಹಾರುತ್ತದೆ.

ನೀವು ಫ್ಯಾನ್ ಓಡುತ್ತಿಲ್ಲ ಅಂದಿರಲ್ಲ, ಅದು ಒಳ್ಳೆಯ ಸುಳಿವು. ಫ್ಯಾನಿನ ಸ್ವಿಚ್ ಬೇರೆ, ಮೀಟರಿನ ಸೆನ್ಸರ್ ಬೇರೆ. ಅಂದರೆ ಇಬ್ಬರು ಸಾಕ್ಷಿಗಳು, ಒಬ್ಬ ಬಿಸಿ ಅನ್ನುತ್ತಾನೆ, ಇನ್ನೊಬ್ಬ ಇಲ್ಲ ಅನ್ನುತ್ತಾನೆ. ಫ್ಯಾನ್ ಸ್ವಿಚ್ಚೇ ಸತ್ತಿದ್ದರೆ ಅಪಾಯ. ಹಾಗಾಗಿ ಮೂರನೇ ಸಾಕ್ಷಿ ಬೇಕು. ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಯಾರ ಹತ್ತಿರವಾದರೂ ಸಿಕ್ಕರೆ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಹಿಡಿದು ನೋಡಿ. ಜ್ವರ ನೋಡುವ ಗನ್ ಆಗುವುದಿಲ್ಲ, ಅದರ ಅಳತೆ 43 ಡಿಗ್ರಿ ಆಸುಪಾಸಿಗೇ ಮುಗಿಯುತ್ತದೆ. ಇನ್ನೊಂದು, ಹೊಳೆಯುವ ಅಲ್ಯುಮಿನಿಯಂ ಮೇಲೆ ನೇರ ಹಿಡಿದರೆ ಇದ್ದದ್ದಕ್ಕಿಂತ ತುಂಬ ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಹಿಡಿಯಿರಿ.

ಭದ್ರಾವತಿಯಿಂದ

ಇಷ್ಟೆಲ್ಲ ಯಾಕೆ ಮಾರಾಯ್ರೆ? ಥರ್ಮೋಸ್ಟಾಟ್ ತೆಗೆದು ಬಿಸಾಕಿ. ನಮ್ಮ ಊರಲ್ಲಿ ಎಲ್ಲರೂ ಹಾಗೇ ಓಡಿಸುವುದು.

ಸಾಗರದಿಂದ

ದಯವಿಟ್ಟು ಬೇಡ. ಮಳೆಗಾಲದ ಚಳಿಯಲ್ಲಿ ಇಂಜಿನ್ ಬಿಸಿಯೇ ಆಗದೆ ಚೋಕ್ ಹಾಕಿದ ಗಾಡಿಯ ಹಾಗೆ ಪೆಟ್ರೋಲ್ ಕುಡಿಯುತ್ತದೆ, ಸವೆತವೂ ಜಾಸ್ತಿ. ಮುಳ್ಳು ಕೆಳಗಿಳಿಯಬಹುದು, ಆದರೆ ರೋಗ ಎಲ್ಲಿತ್ತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಶಿವಮೊಗ್ಗದಿಂದ

ಭಾನುವಾರ ಹೆಬ್ರಿಗೆ ಹೋಗಿ ಬಂದೆ. ಗೆಳೆಯನ ಹತ್ತಿರ ಥರ್ಮಾಮೀಟರ್ ಸಿಕ್ಕಿತು, ಕಪ್ಪು ಟೇಪ್ ಅಂಟಿಸಿಕೊಂಡೇ ಹೊರಟೆ. ಏಳನೇ ತಿರುವಿನ ಹತ್ತಿರ ಮುಳ್ಳು ಕೆಂಪಿನ ಪಕ್ಕ ಬಂತು. ಜಾಗ ಇರುವಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ ನೋಡಿದೆ. 86 ಡಿಗ್ರಿ. ಇನ್ನೊಮ್ಮೆ ನೋಡಿದರೆ 85. ಹೊಸ ಥರ್ಮೋಸ್ಟಾಟ್ ಮೇಲೆ 82 ಅಂತ ಬರೆದಿತ್ತು, ಅಂದರೆ ಅದು ತೆರೆದುಕೊಳ್ಳುವುದೇ 82 ಡಿಗ್ರಿಗೆ, ಹಾಗಾಗಿ ಇದು ಸರಿಯಾದ ಬಿಸಿಯೇ ಅಲ್ವಾ? ಮನೆಗೆ ಬಂದು ಐಡ್ಲಿಂಗಿನಲ್ಲಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಫ್ಯಾನ್ ತಾನೇ ಶುರುವಾಯಿತು, ತಾನೇ ನಿಂತಿತು. ಸ್ವಿಚ್ ಬದುಕಿದೆ.

ಸೆನ್ಸರನ್ನೂ ಬಿಚ್ಚಿ ನೀರಲ್ಲಿ ಕುದಿಸಿದೆ, ಮಲ್ಟಿಮೀಟರ್ ಹಚ್ಚಿಕೊಂಡು. ನೀರು ಬಿಸಿಯಾದ ಹಾಗೆ ಓಮ್ಸ್ ನಿಧಾನ ಇಳಿಯುತ್ತಾ ಹೋಯಿತು, ಎಲ್ಲೂ ಹಾರಲಿಲ್ಲ. ಕುದಿಯುವಾಗ ಅಡುಗೆಮನೆ ಥರ್ಮಾಮೀಟರ್ 98 ತೋರಿಸಿತು. ಅದೂ ಹಾಳಾಗಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು, ನಮ್ಮೂರು ಸಮುದ್ರದಿಂದ ಸುಮಾರು 570 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ 98ಕ್ಕೆ. ಟೀ ಪಾತ್ರೆ ಬಳಸಿದ್ದಕ್ಕೆ ಮನೆಯಲ್ಲಿ ಬೈಗುಳ ಬೇರೆ.

ಒಂದು ಅನುಮಾನ. ನೀರು ಸೋರಬಾರದು ಅಂತ ಸೆನ್ಸರಿನ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿದ್ದರು. ಒಂದೇ ವಯರಿನ ಸೆನ್ಸರ್, ಅರ್ಥ್ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ಸಿಗುವುದು ಥ್ರೆಡ್ ಮೂಲಕವೇ. ಅದೇ ಕಾರಣ ಇರಬಹುದಾ?

ತೀರ್ಥಹಳ್ಳಿಯಿಂದ

ಟೇಪ್ ಕಾರಣ ಅಲ್ಲ. ಯೋಚಿಸಿ ನೋಡಿ. ಬಿಸಿ ಏರಿದಾಗ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ, ಮುಳ್ಳು ಏರುತ್ತದೆ. ಟೇಪಿನಿಂದ ಅರ್ಥ್ ಸರಿಯಾಗಿ ಸಿಗದಿದ್ದರೆ ರೆಸಿಸ್ಟೆನ್ಸ್ ಜಾಸ್ತಿಯಾಗಿ ಮುಳ್ಳು ಕೆಳಗೆ ಬೀಳಬೇಕು. ನಿಮ್ಮದು ಮೇಲೆ ಹೋಗುತ್ತಿದೆ. ವಯರ್ ಎಲ್ಲೋ ಉಜ್ಜಿ ಬಾಡಿಗೆ ತಾಗುತ್ತಿದ್ದರೆ ಮುಳ್ಳು ಮೇಲೇರುತ್ತದೆ ನಿಜ, ಆದರೆ ಅದು ನೇರ ಕೊನೆಗೆ ಹೋಗಿ ಬಡಿಯುತ್ತದೆ, ಹೀಗೆ ಮಧ್ಯದಲ್ಲಿ ನಿಲ್ಲುವುದಿಲ್ಲ.

ಈಗ ನನ್ನ ಪ್ರಶ್ನೆಗಳು. ಘಾಟಿಯಲ್ಲಿ ಮಳೆ ಬರುವಾಗ ಏನೇನು ಆನ್ ಇರುತ್ತದೆ? ವೈಪರ್, ಹೆಡ್‌ಲೈಟ್, ಗಾಜಿನ ಮಂಜು ಹೋಗಲಿ ಅಂತ ಬ್ಲೋವರ್, ಅಲ್ವಾ? ಅದೇ ಹೊತ್ತಿಗೆ ಪೆಟ್ರೋಲ್ ಮುಳ್ಳೂ ಸ್ವಲ್ಪ ಮೇಲೇರುತ್ತದಾ?

ಶಿವಮೊಗ್ಗದಿಂದ

ಅಯ್ಯೋ, ಹೌದು! ಪೆಟ್ರೋಲ್ ಮುಳ್ಳೂ ಏರುತ್ತದೆ. ಏರು ರಸ್ತೆಯಲ್ಲಿ ಗಾಡಿ ವಾಲುವುದರಿಂದ ಟ್ಯಾಂಕಿನಲ್ಲಿ ಪೆಟ್ರೋಲ್ ಹಿಂದಕ್ಕೆ ಹೋಗಿ ಹಾಗೆ ಕಾಣುತ್ತದೆ ಅಂದುಕೊಂಡಿದ್ದೆ. ಅಕ್ಕನ ಗಂಡನಿಗೆ ಇದನ್ನು ವಿವರಿಸಿಯೂ ಇದ್ದೆ.

ತೀರ್ಥಹಳ್ಳಿಯಿಂದ

ಹಾಗಾದರೆ ಸೆನ್ಸರ್, ರೇಡಿಯೇಟರ್ ಎಲ್ಲ ಮರೆತುಬಿಡಿ. ಎರಡು ಬೇರೆ ಬೇರೆ ಸೆನ್ಸರ್, ಎರಡು ಬೇರೆ ಮುಳ್ಳು, ಒಟ್ಟಿಗೆ ಒಂದೇ ದಿಕ್ಕಿಗೆ ಸುಳ್ಳು ಹೇಳುತ್ತಿದ್ದರೆ ತಪ್ಪು ಇಬ್ಬರಿಗೂ ಸೇರಿದ ಜಾಗದಲ್ಲಿ ಇರಬೇಕು. ಅಂದರೆ ಎರಡೂ ಮೀಟರಿಗೆ ಒಂದೇ ಸಮ ವೋಲ್ಟೇಜ್ ಕೊಡುವ, ಮೀಟರ್ ಬೋರ್ಡಿನ ವೋಲ್ಟೇಜ್ ರೆಗ್ಯುಲೇಟರ್, ಇಲ್ಲವೇ ಬೋರ್ಡಿನ ಅರ್ಥ್. ರೆಗ್ಯುಲೇಟರ್ ಹೋಗಿದ್ದರೆ ಬಿಸಿಲಿದ್ದರೂ ಮಳೆಯಿದ್ದರೂ ಕಾಟ ಕೊಡಬೇಕಿತ್ತು. ಮಳೆಯಲ್ಲಿ ಮಾತ್ರ ಅಂದರೆ ನನ್ನ ಪ್ರಕಾರ ಅರ್ಥ್.

ಡ್ಯಾಶ್ ಹಿಂದೆ ಮೀಟರಿಗೂ ಬ್ಲೋವರಿಗೂ ವೈಪರಿಗೂ ಅರ್ಥ್ ಒಂದೇ ಬೋಲ್ಟಿನಲ್ಲಿ ಇದ್ದು, ಅದು ತುಕ್ಕು ಹಿಡಿದಿದ್ದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ಒದ್ದಾಡುತ್ತದೆ. ಬ್ಲೋವರ್ ಹಾಕಿದ ತಕ್ಷಣ ಆ ಬೋಲ್ಟಿನ ಹತ್ತಿರ ಒಂದೆರಡು ವೋಲ್ಟ್ ನಿಂತುಬಿಡುತ್ತದೆ. ರೆಗ್ಯುಲೇಟರ್ ಅಳೆಯುವುದು ಆ ಬೋಲ್ಟಿನಿಂದ. ಸೆನ್ಸರುಗಳ ಅರ್ಥ್ ಮಾತ್ರ ಇಂಜಿನ್ನು, ಬಾಡಿಯಲ್ಲಿ ಸರಿಯಾಗೇ ಇದೆ. ಹಾಗಾಗಿ ಎರಡೂ ಮೀಟರಿಗೆ ಆ ಒಂದೆರಡು ವೋಲ್ಟ್ ಪುಕ್ಕಟೆ ಸಿಗುತ್ತದೆ, ಮುಳ್ಳುಗಳು ಏರುತ್ತವೆ.

ಘಾಟಿಗೆ ಹೋಗಬೇಕಾಗಿಲ್ಲ, ಅಂಗಳದಲ್ಲೇ ನೋಡಿ. ಇಂಜಿನ್ ಬಿಸಿ ಮಾಡಿ, ಮುಳ್ಳು ನಡುವೆ ನಿಲ್ಲಲಿ. ಆಮೇಲೆ ಬ್ಲೋವರ್ ಫುಲ್, ವೈಪರ್, ಲೈಟ್. ಈ ಮೀಟರುಗಳ ಮುಳ್ಳು ನಿಧಾನ, ಒಂದು ನಿಮಿಷ ಕಾಯಿರಿ. ಹೀಟರ್ ಹಾಕಿದ್ದರಂತೂ ಇನ್ನೂ ಸ್ಪಷ್ಟ. ಹೀಟರ್ ಇಂಜಿನ್ನಿನ ಬಿಸಿ ಎಳೆದು ಒಳಗೆ ಬಿಡುತ್ತದೆ, ಮುಳ್ಳು ಇಳಿಯಬೇಕೇ ಹೊರತು ಏರಬಾರದು. ಏರಿದರೆ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿಯನ್ನು ಮೊದಲು ಇಂಜಿನ್ನಿಗೆ, ಆಮೇಲೆ ಮೀಟರ್ ಬೋರ್ಡಿನ ಅರ್ಥ್ ವಯರಿಗೆ ಹಿಡಿಯಿರಿ. ಎಲ್ಲ ಆನ್ ಇರುವಾಗಲೇ. 0.2 ವೋಲ್ಟ್ ಒಳಗೆ ಇರಬೇಕು.

ಶಿವಮೊಗ್ಗದಿಂದ

ಸಿಕ್ಕಿತು! ಇಂಜಿನ್ ಹತ್ತಿರ 0.04. ಮೀಟರ್ ಬೋರ್ಡಿನ ಅರ್ಥಿನಲ್ಲಿ 1.6 ವೋಲ್ಟ್! ಬ್ಲೋವರ್ ಆಫ್ ಮಾಡಿದರೆ 0.5ಕ್ಕೆ ಇಳಿಯುತ್ತದೆ, ಮುಳ್ಳೂ ಹಿಂದೆಯೇ ಇಳಿಯುತ್ತದೆ. ನಿಂತಲ್ಲೇ ಘಾಟಿ ಹತ್ತಿಸಿದ ಹಾಗಾಯಿತು.

ವಯರ್ ಹಿಡಿದುಕೊಂಡು ಹೋದರೆ ಡ್ಯಾಶ್ ಕೆಳಗೆ ಒಂದು ಬೋಲ್ಟ್. ಮೂರು ವರ್ಷದ ಹಿಂದೆ ತುಕ್ಕಿಗೆ ಟಿಂಕರಿಂಗ್ ಮಾಡಿಸಿದ್ದೆ. ಆಗ ಪೇಂಟ್ ಹೊಡೆದು ಅದರ ಮೇಲೇ ಬೋಲ್ಟ್ ಕೂರಿಸಿದ್ದಾರೆ. ಗಾಜಿನ ಬೀಡಿಂಗ್ ಕಡೆಯಿಂದ ನೀರು ಸೋರಿ ಟರ್ಮಿನಲ್ ಹಸಿರುಗಟ್ಟಿತ್ತು. ಟರ್ಮಿನಲ್ ಹೊಸದು ಹಾಕಿ, ಬಾಡಿಯನ್ನು ಮರಳುಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಮೆತ್ತಿದೆ. ಈಗ ಎಲ್ಲ ಆನ್ ಮಾಡಿದರೂ 0.06. ಒಟ್ಟು ಖರ್ಚು ಟರ್ಮಿನಲ್ ಒಂದೇ.

ಸಾಗರದಿಂದ

ಬೀಡಿಂಗ್ ಸರಿ ಮಾಡಿಸಿದಿರಾ? ಇಲ್ಲದಿದ್ದರೆ ಮುಂದಿನ ಆಷಾಢಕ್ಕೆ ಇದೇ ಪ್ರಶ್ನೆ ಮತ್ತೆ ಕೇಳುತ್ತೀರಿ.

ಶಿವಮೊಗ್ಗದಿಂದ

ಮಾಡಿಸಿದೆ, ಮಾಡಿಸಿದೆ. ನಿನ್ನೆ ಜೋರು ಮಳೆಯಲ್ಲೇ ಹೆಬ್ರಿಗೆ ಹೊರಟೆ. ಮಂಡಗದ್ದೆ ದಾಟಿದರೂ ಮುಳ್ಳು ನಡುವೆ ಬಿಟ್ಟು ಕದಲಲಿಲ್ಲ, ವೈಪರ್, ಬ್ಲೋವರ್ ಎಲ್ಲ ಓಡುತ್ತಲೇ ಇತ್ತು. ಆದರೆ ಪೆಟ್ರೋಲ್ ಮುಳ್ಳು ನೋಡಿ ಎದೆ ಧಸಕ್ಕೆಂದಿತು. ಮಳೆಯಲ್ಲಿ ಇಷ್ಟು ದಿನ ಅರ್ಧ ಟ್ಯಾಂಕ್ ಇದೆ ಅಂತ ನಂಬಿ ಘಾಟಿ ಇಳಿಯುತ್ತಿದ್ದೆನಲ್ಲ, ಅದು ಕಾಲು ಟ್ಯಾಂಕ್ ಆಗಿತ್ತು. ತೀರ್ಥಹಳ್ಳಿಯಲ್ಲೇ ಫುಲ್ ಮಾಡಿಸಿಕೊಂಡು ಮುಂದೆ ಹೋದೆ.