'ಬಿಪಿ ಮಾತ್ರೆ' ಅಂದರೆ ಯಾವ ಮಾತ್ರೆ?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಆಪರೇಷನ್‌ಗೆ ಹೋಗುವವರ ಮನೆಯವರಿಗೆ ಅಂತ ಕೋಲಾರದಲ್ಲಿ ಒಂದು ಪುಟದ ಕನ್ನಡ ಹಾಳೆ ಬರೆಯುತ್ತಿದ್ದೇನೆ. ಬಿಪಿ ಮಾತ್ರೆಯ ವಿಷಯ ಬಂದ ಕಡೆ ಪದ ಸಿಗುತ್ತಿಲ್ಲ.

ಮುಳಬಾಗಿಲಾಗಲಿ, ಮಾಲೂರಾಗಲಿ, ರಕ್ತದೊತ್ತಡದ ಮಾತ್ರೆಗಳಿಗೆಲ್ಲ ಒಂದೇ ಹೆಸರು. ದಿನನಿತ್ಯಕ್ಕೆ ಅಷ್ಟು ಸಾಕು. ಆಪರೇಷನ್ ಹೊತ್ತಿಗೆ ಸಾಲದು. ಮೆಟೊಪ್ರೊಲಾಲ್, ಅಟೆನೊಲಾಲ್ ಥರದವು ಎದೆಬಡಿತ ತಗ್ಗಿಸುತ್ತವೆ. ಮೊದಲಿಂದ ನುಂಗುತ್ತಿದ್ದವರು ಇವನ್ನು ದಿಢೀರನೆ ಬಿಟ್ಟರೆ ಬಡಿತ ಜೋರಾಗಿ ಹೃದಯಕ್ಕೇ ಏಟಾಗಬಹುದು. ಅದಕ್ಕೇ ಸಾಮಾನ್ಯವಾಗಿ ಆಪರೇಷನ್ ದಿನ ಬೆಳಗ್ಗೆಯೂ ಒಂದು ಗುಟುಕು ನೀರಲ್ಲಿ ನುಂಗಿಸುತ್ತಾರೆ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಬೇರೆ ಜಾತಿ. ಅವು ರಕ್ತನಾಳ ಸಡಿಲಿಸುತ್ತವೆ. ಅರಿವಳಿಕೆ ಕೊಟ್ಟಾಗ ಬಿಪಿ ತೀರಾ ಕುಸಿದೀತು ಅಂತ ಇವನ್ನು ಎಷ್ಟೋ ಕಡೆ ಹಿಂದಿನ ದಿನವೇ ನಿಲ್ಲಿಸುತ್ತಾರೆ. 'ಬಿಪಿ ಮಾತ್ರೆ ನಿಲ್ಲಿಸಿ' ಅಂತಷ್ಟೇ ಬರೆದರೆ ಮನೆಯವರು ಎರಡನ್ನೂ ನಿಲ್ಲಿಸುತ್ತಾರೆ, ಅಲ್ವಾ?

ಮೊದಲನೆಯದಕ್ಕೆ 'ಬಡಿತ ತಗ್ಗಿಸುವ ಮಾತ್ರೆ' ಅಂತ ಬರೆದಿದ್ದೇನೆ. ಡಾಕ್ಟರುಗಳ 'ಬೀಟಾ ಬ್ಲಾಕರ್' ಅನ್ನು 'ಬೀಟಾ ತಡೆಕ' ಅಂತ ಕನ್ನಡಿಸಿದರೆ ಯಾರಿಗೂ ಹತ್ತುವುದಿಲ್ಲ. ಎರಡನೆಯದಕ್ಕೆ 'ನರ ಸಡಿಲಿಸುವ ಮಾತ್ರೆ' ಅನ್ನಬಹುದೇ? ಜನ ರಕ್ತನಾಳಕ್ಕೂ ನರ ಅಂತಲೇ ಅನ್ನುತ್ತಾರೆ. ಆದರೆ ಸೊಂಟದ ನರದ ಮಾತ್ರೆ ಅಂದುಕೊಂಡರೆ ಕಷ್ಟ.

ಬಡಿತ ತಗ್ಗಿಸುವ ಮಾತ್ರೆಗೆ ಗೆಳೆಯರೊಬ್ಬರು 'ಹೃದಯ ರಕ್ಷಕ ಮಾತ್ರೆ' ಅನ್ನಿ ಎಂದರು. ಅದು ಖಂಡಿತ ಬೇಡ. ರಕ್ಷಕ ಅಂದರೆ ಎಲ್ಲರಿಗೂ ಒಳ್ಳೆಯದು ಅನಿಸುತ್ತದೆ. 2008ರಲ್ಲಿ ಪ್ರಕಟವಾದ ಪಾಯ್ಸ್ ಅಧ್ಯಯನದಲ್ಲಿ 8,000ಕ್ಕೂ ಹೆಚ್ಚು ಜನರಿದ್ದರು. ಅವರದು ಹೃದಯದ್ದಲ್ಲದ ಆಪರೇಷನ್‌ಗಳು. ಅರ್ಧದಷ್ಟು ಜನರಿಗೆ ಆಪರೇಷನ್‌ಗೆ ಕೆಲವೇ ಗಂಟೆ ಮುಂಚೆ ಮೆಟೊಪ್ರೊಲಾಲ್ ಹೊಸದಾಗಿ ಶುರು ಮಾಡಿದರು. ಅವರಲ್ಲಿ ಹಾರ್ಟ್ ಅಟ್ಯಾಕ್ ಕಡಿಮೆಯಾಯಿತು, ಆದರೆ ಪಾರ್ಶ್ವವಾಯು ಮತ್ತು ಸಾವು ಜಾಸ್ತಿಯಾದವು. ಮೊದಲಿಂದ ತೆಗೆದುಕೊಳ್ಳುತ್ತಿರುವುದನ್ನು ಮುಂದುವರಿಸುವುದೇ ಬೇರೆ, ಆ ದಿನ ಹೊಸದಾಗಿ ಶುರು ಮಾಡುವುದೇ ಬೇರೆ. ಹೆಸರು ನೋಡಿ ಪಕ್ಕದ ಮನೆಯವರ ಮಾತ್ರೆ ಕೊಟ್ಟುಬಿಟ್ಟರೆ?

ಇನ್ನೊಂದು ತೊಡಕಿದೆ. ಟೆಲ್ಮಿಸಾರ್ಟಾನ್, ಮೆಟೊಪ್ರೊಲಾಲ್ ಎರಡೂ ಸೇರಿದ ಒಂದೇ ಮಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಯಾವ ಹೆಸರೂ ಹೊಂದುವುದಿಲ್ಲ. ಹಾಗಾಗಿ ಹಾಳೆಯ ತಲೆಯಲ್ಲೇ 'ಮಾತ್ರೆಯ ಶೀಟನ್ನೇ ತಂದು ಅರಿವಳಿಕೆ ಡಾಕ್ಟರಿಗೆ ತೋರಿಸಿ, ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ' ಅಂತ ದಪ್ಪಕ್ಷರದಲ್ಲಿ ಹಾಕಿದ್ದೇನೆ.

ಹಾಳೆಗೆ ಇನ್ನೊಂದು ಪದವೂ ಬೇಕು. ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆದಮೇಲೆ ಕೆಲವರಿಗೆ ಎದೆಬಡಿತ ಅಡ್ಡಾದಿಡ್ಡಿಯಾಗುತ್ತದೆ. ಅದನ್ನು ಮನೆಯವರು ಕೂಡಲೇ ನರ್ಸ್‌ಗೆ ಹೇಳಬೇಕು. 'ಗುಂಡಿಗೆ ಹೊಡ್ಕೊಳ್ತಿದೆ' ಅನ್ನುವುದು ಜೋರು ಬಡಿತಕ್ಕೆ ಸರಿ. ತಾಳ ತಪ್ಪಿದ ಬಡಿತಕ್ಕೆ ತುಮಕೂರು, ಚಿಕ್ಕಬಳ್ಳಾಪುರದ ಕಡೆ ಹಿರಿಯರು ಏನನ್ನುತ್ತಾರೆ? ಕೇಳಿದ ಮಾತನ್ನು ಹಾಗೇ ಬರೆದು ಕಳಿಸಿ.