ಆಂಟಿ-ಡಿ ಇಂಜೆಕ್ಷನ್ ಆಯ್ತು, ಆಮೇಲೂ ಕ್ಲೈಹೌವರ್ ಟೆಸ್ಟ್ ಯಾಕೆ?

ಹಾಸನದ ಅಕ್ಕ:
ನನ್ನ ತಂಗಿ ಓ ನೆಗೆಟಿವ್, ಅವಳ ಗಂಡ ಬಿ ಪಾಸಿಟಿವ್. ಚೊಚ್ಚಲು, ಈಗ 32 ವಾರ. 28ನೇ ವಾರದಲ್ಲೇ ನೆಗೆಟಿವ್ ತಾಯಂದಿರಿಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಒಂದು ಆಗಿತ್ತು. ನಿನ್ನೆ ಬಚ್ಚಲಲ್ಲಿ ಜಾರಿ, ಹೊಟ್ಟೆ ಕಟ್ಟೆಗೆ ಬಡಿಯಿತು. ರಕ್ತ ಹೋಗಿಲ್ಲ, ಸ್ಕ್ಯಾನಿಂಗ್‌ನಲ್ಲಿ ಮಗು ಚೆನ್ನಾಗಿದೆ. ಡಾಕ್ಟರು ರಕ್ತ ತೆಗೆದಿಟ್ಟುಕೊಂಡು ಇನ್ನೊಂದು ಆಂಟಿ-ಡಿ ಹಾಕಿದರು, ತಾಯಿಯ ರಕ್ತದಲ್ಲಿ ಮಗುವಿನ ರಕ್ತಕಣ ಎಣಿಸುವ ಕ್ಲೈಹೌವರ್ ಟೆಸ್ಟ್ ಬರೆದರು. ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕಂತೆ. ಅವಳ ಅತ್ತೆ "ಇಂಜೆಕ್ಷನ್ ಹಾಕಿದಾರಲ್ಲ, ಸುಮ್ನೆ ಯಾಕೆ ಖರ್ಚು" ಅಂತಾರೆ. ಮಾಡಿಸಲೇಬೇಕಾ?

ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್:
ಮಾಡಿಸಿ ಅಕ್ಕ, ದಯವಿಟ್ಟು ಮಾಡಿಸಿ. ನಾನು ದಿನಾ ರಕ್ತ ನೋಡುವವಳು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

ಹೊಟ್ಟೆಗೆ ಪೆಟ್ಟು ಬಿದ್ದಾಗ ಮಾಸಿನ ಕಡೆಯಿಂದ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಬಹುದು. ಹೊರಗೆ ಒಂದು ಹನಿ ಕಾಣದಿದ್ದರೂ ಸೇರಬಹುದು. ಮಗು ಪಾಸಿಟಿವ್ ಆಗಿದ್ದರೆ ತಾಯಿಯ ಮೈ ಆ ರಕ್ತದ ವಿರುದ್ಧ, ಅದರ ಕಣಗಳನ್ನು ಒಡೆಯುವ ಆಂಟಿಬಾಡಿ ಕಟ್ಟಿಕೊಳ್ಳಬಹುದು. ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಪೆಟ್ಟು ತಿನ್ನುವುದು ಮುಂದಿನ ಮಗು.

ಆ ಆಂಟಿಬಾಡಿ ಕಟ್ಟದಂತೆ ತಡೆಯುವುದೇ ಆಂಟಿ-ಡಿ. ಆದರೆ ಇಂಜೆಕ್ಷನ್‌ಗೂ ಒಂದು ಅಳತೆ ಇದೆ. 300 ಮೈಕ್ರೋಗ್ರಾಂನ ಒಂದು ವಯಲ್ ಮಗುವಿನ ಸುಮಾರು 30 ಮಿಲಿಲೀಟರ್ ರಕ್ತಕ್ಕೆ ಸಾಕು. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತದೆ. ನಿಮ್ಮ ತಂಗಿಗೆ ಸಾಕಾ ಅಂತ ತಿಳಿಯಬೇಕಾದರೆ ಅವಳ ರಕ್ತದಲ್ಲಿರುವ ಮಗುವಿನ ಕಣ ಎಣಿಸಬೇಕು. ಅದೇ ಕ್ಲೈಹೌವರ್ ಟೆಸ್ಟ್.

ಸ್ಲೈಡ್ ಮೇಲೆ ರಕ್ತ ಹರಡಿ ಆಸಿಡ್ ದ್ರಾವಣದಲ್ಲಿ ಅದ್ದುತ್ತೇವೆ. ದೊಡ್ಡವರ ಹಿಮೋಗ್ಲೋಬಿನ್ ಕರಗಿ ಹೋಗುತ್ತದೆ, ಮಗುವಿನದು ಉಳಿಯುತ್ತದೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಾಯಿಯ ಕಣಗಳು ಬರೀ ಅಂಚು ಉಳಿದ ಮಾಸಲು ಉಂಗುರ, ಮಧ್ಯೆ ಅಲ್ಲೊಂದು ಇಲ್ಲೊಂದು ಗಾಢ ಗುಲಾಬಿ ಕಣ. ಅದು ಮಗುವಿನದು. 1957ರಲ್ಲಿ ಜರ್ಮನಿಯ ಕ್ಲೈಹೌವರ್, ಬ್ರೌನ್, ಬೆಟ್ಕೆ ಈ ವಿಧಾನ ಕೊಟ್ಟರು, ಇವತ್ತಿಗೂ ನಡೀತಿದೆ. ನೂರಕ್ಕೆ ಒಂದು ಕಣ ಸಿಕ್ಕರೆ ಮಗುವಿನ ರಕ್ತ ಅಂದಾಜು 50 ಮಿಲಿಲೀಟರ್ ಸೇರಿದೆ ಅಂತ ಲೆಕ್ಕ. ಆಗ ಒಂದು ವಯಲ್ ಸಾಲದು. ಎಣಿಕೆಯಲ್ಲಿ ಹೆಚ್ಚುಕಡಿಮೆ ಆಗುತ್ತದೆ ಅಂತ ಲೆಕ್ಕಕ್ಕಿಂತ ಒಂದು ಜಾಸ್ತಿಯೇ ಹಾಕಿಸುವುದು ವಾಡಿಕೆ.

ಇಂಜೆಕ್ಷನ್‌ಗೆ ಮೊದಲೇ ರಕ್ತ ತೆಗೆದದ್ದು ಒಳ್ಳೆಯದಾಯ್ತು. ತಂಗಿಗೆ ತಲಸ್ಸೀಮಿಯಾ ಮೈನರ್ (ಹುಟ್ಟಿನಿಂದ ಬರುವ ಹಿಮೋಗ್ಲೋಬಿನ್ ದೋಷ) ಇದ್ದರೆ ಲ್ಯಾಬಿಗೆ ಹೇಳಿ. ಅಂಥವರಲ್ಲಿ ಅವರದೇ ಕೆಲವು ಕಣ ಗುಲಾಬಿಯಾಗಿ ಕಂಡು ಲೆಕ್ಕ ತಪ್ಪುತ್ತದೆ. ಆಗ ಯಂತ್ರದಲ್ಲಿ ಕಣ ಎಣಿಸುವ ಫ್ಲೋ ಸೈಟೋಮೆಟ್ರಿ ಕೇಳಬಹುದು.

ಇಬ್ಬರು ಮಕ್ಕಳ ತಾಯಿ:
ನಾನೂ ನೆಗೆಟಿವ್. ಆಂಟಿ-ಡಿ ಆದ ಮೇಲೆ ಐಸಿಟಿ (ತಾಯಿಯ ರಕ್ತದಲ್ಲಿ ಆಂಟಿಬಾಡಿ ಇದೆಯಾ ಅಂತ ನೋಡುವ ಟೆಸ್ಟ್) ಮಾಡಿಸಿದಾಗ ಪಾಸಿಟಿವ್ ಬಂದು ಮನೆಯಲ್ಲಿ ಎಲ್ಲರೂ ಕಂಗಾಲು! ಇಂಜೆಕ್ಷನ್‌ನಲ್ಲಿರುವ ಆಂಟಿಬಾಡಿಯೇ ಅದು ಅಂತ ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಎಲ್ಲೇ ತೋರಿಸಿದರೂ ಇಂಜೆಕ್ಷನ್ ಹಾಕಿಸಿದ ತಾರೀಖು ಹೇಳಿ.

ಹಾಸನದ ಅಕ್ಕ:
ತುಂಬಾ ಥ್ಯಾಂಕ್ಸ್. ಅವಳ ಅತ್ತೆಗೆ ಇದನ್ನೇ ಓದಿ ಹೇಳಿದೆ, ಒಪ್ಪಿದರು. ಸ್ಯಾಂಪಲ್ ಹೋಯ್ತು. ಹೆರಿಗೆ ಆದ ಮೇಲೆ ಮತ್ತೆ ಇದೆಲ್ಲಾ ಇದೆಯಾ?

ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್:
ಇದೆ. ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಮಗುವಿನ ಗ್ರೂಪ್ ನೋಡುತ್ತಾರೆ. ನೆಗೆಟಿವ್ ಬಂದರೆ ಮತ್ತೆ ಇಂಜೆಕ್ಷನ್ ಬೇಕಿಲ್ಲ. ಪಾಸಿಟಿವ್ ಬಂದರೆ 72 ಗಂಟೆಯೊಳಗೆ ಆಂಟಿ-ಡಿ ಆಗಬೇಕು, "ಮೊದಲೇ ಎರಡು ಆಗಿದೆ" ಅಂತ ಯಾರಾದರೂ ಅಂದರೂ ಬಿಡಬೇಡಿ. ತಾಯಿಯ ರಕ್ತದ ಎಣಿಕೆಯೂ ಆಗಲಿ. ಸದ್ಯಕ್ಕೆ ಮಗುವಿನ ಓಡಾಟ ಕಮ್ಮಿಯಾದರೆ, ಹೊಟ್ಟೆ ನೋವು ಬಂದರೆ, ರಕ್ತ ಕಂಡರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.