ಜಾಹೀರಾತು ನೋಡಿದವರ ಹಾರ್ಮೋನ್ ಅಳೆಯುವುದು: ಈ ಯೋಜನೆ ಸರಿಯಿದೆಯೇ?

ಪ್ರಶ್ನೆ (ಎಂಬಿಎ_ಪ್ರಾಜೆಕ್ಟ್):
ಗ್ರಾಹಕರ ನಡವಳಿಕೆಯ ಮೇಲೆ ಹಾರ್ಮೋನ್‌ಗಳ ಪ್ರಭಾವ ಅನ್ನೋದು ನನ್ನ ವಿಷಯ. 60 ಜನರಿಗೆ, ಗಂಡಸರು ಹೆಂಗಸರು ಇಬ್ಬರಿಗೂ, ‘ಆಫರ್ ಇನ್ನು ಎರಡೇ ಗಂಟೆ’ ಅನ್ನೋ ಥರದ 30 ಸೆಕೆಂಡಿನ ಜಾಹೀರಾತು ತೋರಿಸುತ್ತೇನೆ. ಅದಕ್ಕೆ ಮುಂಚೆ ಒಮ್ಮೆ, ಮುಗಿದ ಕೂಡಲೇ ಒಮ್ಮೆ ಜೊಲ್ಲು ತೆಗೆದುಕೊಂಡು ಕಾರ್ಟಿಸಾಲ್, ಟೆಸ್ಟೋಸ್ಟೀರಾನ್, ಆಕ್ಸಿಟೋಸಿನ್, ಡೋಪಮೈನ್ ನಾಲ್ಕನ್ನೂ ಅಳೆಯಬೇಕೆಂದಿದ್ದೇನೆ. ಎಲ್ಲಿ ಎಡವಬಹುದು?

ಅಂತಃಸ್ರಾವ:
ಡೋಪಮೈನ್ ಕೈಬಿಡಿ. ಅದರ ಆಟವೆಲ್ಲ ಮಿದುಳಿನೊಳಗೆ, ಕ್ಷಣಾರ್ಧದಲ್ಲಿ. ಜೊಲ್ಲಿನಲ್ಲಿ ಅದರ ಸುಳಿವು ಸಿಗದು. ಆಕ್ಸಿಟೋಸಿನ್ ಕೂಡ ಬೇಡ. ಜೊಲ್ಲಿನಲ್ಲಿ ಅದನ್ನು ಅಳೆಯುವ ಕಿಟ್‌ಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೂಗಿಗೆ 24 ಯೂನಿಟ್ ಸ್ಪ್ರೇ ಮಾಡಿದರೆ ಅಪರಿಚಿತರ ಕೈಗೆ ಹೆಚ್ಚು ಹಣ ಕೊಡುತ್ತಾರೆ ಎಂದ 2005ರ ಪ್ರಯೋಗದಿಂದಲೇ ಅದಕ್ಕೆ ‘ನಂಬಿಕೆಯ ಹಾರ್ಮೋನ್’ ಅನ್ನೋ ಹೆಸರು ಅಂಟಿದ್ದು. 2020ರಲ್ಲಿ ಇನ್ನೂ ದೊಡ್ಡ ಗುಂಪಿನ ಮೇಲೆ ಮರುಪರೀಕ್ಷೆ ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ಮಾರ್ಕೆಟಿಂಗ್ ತರಗತಿಗಳಲ್ಲಿ ಮಾತ್ರ ಇವತ್ತಿಗೂ ಹಳೆಯದನ್ನೇ ಹೇಳಿಕೊಡುತ್ತಾರೆ, ಇದು ನಿಲ್ಲಬೇಕು.

ಇನ್ನು ಕಾರ್ಟಿಸಾಲ್. ಒತ್ತಡ ಶುರುವಾಗಿ 20–30 ನಿಮಿಷಕ್ಕೆ ಅದು ಜೊಲ್ಲಿನಲ್ಲಿ ತುದಿ ಮುಟ್ಟುತ್ತದೆ. ‘ಮುಗಿದ ಕೂಡಲೇ’ ತೆಗೆದ ಸ್ಯಾಂಪಲ್ ಜಾಹೀರಾತಿನ ಮುಂಚಿನ ಸ್ಥಿತಿಯನ್ನೇ ತೋರಿಸುತ್ತದೆ. ಅದಕ್ಕಿಂತ ಮುಖ್ಯ ಅಂದರೆ, ಕಾರ್ಟಿಸಾಲ್ ಏರಬೇಕಾದರೆ ಜನರೆದುರು ಭಾಷಣ, ಬಾಯಿಲೆಕ್ಕದಂಥ ಗಟ್ಟಿ ಒತ್ತಡ ಬೇಕು. ಕುಳಿತು ನೋಡುವ 30 ಸೆಕೆಂಡಿನ ವಿಡಿಯೋಗೆ ಅದು ಅಲುಗಾಡುವುದೂ ಅನುಮಾನ.

ಜೊಲ್ಲು_ಲ್ಯಾಬ್:
ಸ್ಯಾಂಪಲ್ ಕೆಡುವುದೇ ಹೆಚ್ಚು, ಅದನ್ನು ಹೇಳುತ್ತೇನೆ. ಉಳಿದ ಕಾರ್ಟಿಸಾಲ್, ಟೆಸ್ಟೋಸ್ಟೀರಾನ್ ಎರಡೂ ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಆದ್ದರಿಂದ ಎಲ್ಲರನ್ನೂ ಮಧ್ಯಾಹ್ನ 1ರಿಂದ 5ರೊಳಗೆ ಕರೆಯಿರಿ. ಒಂದು ಗಂಟೆ ಮುಂಚಿನಿಂದ ಊಟ, ಕಾಫಿ, ಸಿಗರೇಟು, ಹಲ್ಲುಜ್ಜುವುದು ಬೇಡ. ವಸಡಿನಿಂದ ರಕ್ತ ಸೋರಿದರೆ ಟೆಸ್ಟೋಸ್ಟೀರಾನ್ ಸುಳ್ಳೇ ಏರುತ್ತದೆ, ಏಕೆಂದರೆ ರಕ್ತದಲ್ಲಿ ಅದು ಜೊಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಗುಲಾಬಿ ಬಣ್ಣ ಕಂಡ ಟ್ಯೂಬನ್ನು ಬಿಸಾಡಿ. ಬಾಯಿ ಮುಕ್ಕಳಿಸಿದ 10 ನಿಮಿಷದ ನಂತರ 1–2 ಮಿ.ಲೀ. ಜೊಲ್ಲನ್ನು ಪಾಲಿಪ್ರೊಪಿಲೀನ್ ಟ್ಯೂಬಿಗೆ ತಾನಾಗಿ ಇಳಿಯಲು ಬಿಡಿ. ಹತ್ತಿಯ ಉಂಡೆ ಬೇಡವೇ ಬೇಡ, ಟೆಸ್ಟೋಸ್ಟೀರಾನ್ ಲೆಕ್ಕವನ್ನು ಅದು ಕೆಡಿಸುತ್ತದೆ. ಕೂಡಲೇ ಮೈನಸ್ 20 ಡಿಗ್ರಿಗೆ ಇಡಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಬೇಡಿ.

ಎಂಬಿಎ_ಪ್ರಾಜೆಕ್ಟ್:
ಹಾಗಾದರೆ ಟೆಸ್ಟೋಸ್ಟೀರಾನ್ ಒಂದನ್ನೇ ಇಟ್ಟುಕೊಳ್ಳಲೇ? ಹೆಂಗಸರ ಋತುಚಕ್ರವನ್ನು ಹೇಗೆ ಲೆಕ್ಕ ಹಾಕಲಿ?

ಅಂತಃಸ್ರಾವ:
ಇಟ್ಟುಕೊಳ್ಳಿ, ಆದರೆ ಪ್ರಶ್ನೆಯನ್ನು ತಿರುಗಿಸಿ. ‘ಜಾಹೀರಾತು ಹಾರ್ಮೋನನ್ನು ಬದಲಿಸುತ್ತದೆಯೇ’ ಎಂದಲ್ಲ, ‘ಹಾರ್ಮೋನ್ ಮಟ್ಟಕ್ಕೂ ಆಯ್ಕೆಗೂ ನಂಟಿದೆಯೇ’ ಎಂದು ಕೇಳಿ. 2018ರಲ್ಲಿ 243 ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಟೆಸ್ಟೋಸ್ಟೀರಾನ್ ಜೆಲ್, ಉಳಿದವರಿಗೆ ಔಷಧವಿಲ್ಲದ ಜೆಲ್ ಹಚ್ಚಿದರು. ಔಷಧ ಸಿಕ್ಕವರು ಅಂತಸ್ತು ತೋರಿಸುವ ಬ್ರ್ಯಾಂಡಿನತ್ತ ವಾಲಿದರು. ಅದೇ ವಸ್ತುವನ್ನು ‘ಗುಣಮಟ್ಟ’ ಅಥವಾ ‘ಶಕ್ತಿ’ಯ ಮಾತಿನಲ್ಲಿ ವರ್ಣಿಸಿದಾಗ ವ್ಯತ್ಯಾಸ ಕಾಣಲಿಲ್ಲ. ನೀವೂ ಒಂದೇ ಗಡಿಯಾರಕ್ಕೆ ಮೂರು ಬಗೆಯ ವಿವರಣೆ ಬರೆದು ನೋಡಬಹುದು. ನೆನಪಿರಲಿ, ಜೆಲ್ ಹಚ್ಚದ ನಿಮ್ಮ ಪ್ರಯೋಗದಲ್ಲಿ ಸಿಗುವುದು ನಂಟು ಮಾತ್ರ, ಕಾರಣವಲ್ಲ.

60 ಜನ ಕಡಿಮೆಯೇ, ಹಾಗಾಗಿ ಗಂಡಸರನ್ನಷ್ಟೇ ತೆಗೆದುಕೊಳ್ಳಿ. ಹೆಂಗಸರಲ್ಲಿ ಈ ಹಾರ್ಮೋನ್ ತೀರಾ ಕಡಿಮೆ ಇರುವುದರಿಂದ ಸಾಮಾನ್ಯ ಕಿಟ್ ತಪ್ಪು ಅಂಕಿ ಕೊಡುತ್ತದೆ. ಋತುಚಕ್ರದ ಅಧ್ಯಯನ ಬೇಕೇ ಬೇಕೆಂದರೆ ದಿನ ಎಣಿಸಿ ಅಂಡೋತ್ಸರ್ಗ ಊಹಿಸಬೇಡಿ, ಅಂಡೋತ್ಸರ್ಗಕ್ಕೆ ಸ್ವಲ್ಪ ಮುಂಚೆ ಏರುವ ಎಲ್‌ಎಚ್ ಹಾರ್ಮೋನನ್ನು ಮೂತ್ರದಲ್ಲಿ ಗುರುತಿಸುವ ಪರೀಕ್ಷಾ ಪಟ್ಟಿ ಬಳಸಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರದ್ದು ಬೇರೆಯೇ ಗುಂಪು.

ಜೊಲ್ಲು_ಲ್ಯಾಬ್:
ಒಂದು ಮಾತು ಸೇರಿಸುತ್ತೇನೆ. ಪ್ರತಿ ಸ್ಯಾಂಪಲನ್ನೂ ಕಿಟ್‌ನ ತಟ್ಟೆಯಲ್ಲಿರುವ ಎರಡೆರಡು ಕುಳಿಗಳಲ್ಲಿ ಹಾಕಿ ಅಳೆಯಿರಿ, ಎರಡರ ಅಂಕಿ ತೀರಾ ದೂರವಿದ್ದರೆ ಮತ್ತೆ ಮಾಡಿ. ಅಂಕಿಗಳು ಒಂದು ಕಡೆಗೆ ಬಾಲ ಚಾಚಿರುತ್ತವೆ, ವಿಶ್ಲೇಷಣೆಗೆ ಮುಂಚೆ ಲಾಗ್‌ಗೆ (ಲಾಗರಿದಮ್‌ಗೆ) ಬದಲಿಸಿ.